ವೆಂಡಲ್‌ನ ಹಿತ್ತಿಲು

ಮೆಸಾ ಊರಿನಲ್ಲಿ ನಾನಿರುವುದು ನನ್ನ ಹೆಂಡತಿ ಲೊರೀನಳ ಮನೆಯಲ್ಲಿ. ಅದನ್ನು ಕಟ್ಟಿಸಿದವನು ಅವಳ ಮೊದಲ ಗಂಡ ವೆಂಡಲ್. ಅವನು ತೀರಿಕೊಂಡ ಮೇಲೂ ಹಿತ್ತಿಲಲ್ಲಿ ಅವನು ಬೆಳೆಸಿದ್ದ ಹುಲ್ಲಿಗೆ ಅವಳು ದಿನಾ ನೀರು ಹಾಯಿಸುತ್ತಿದ್ದಳು. ನನಗೆ ಹೊಟ್ಟೆಕಿಚ್ಚು. ಮರಳುಗಾಡಿನಲ್ಲಿ ಇಷ್ಟು ನೀರು ದಂಡವೆಂದು ನೆಪ ಹೇಳಿ, ಹುಲ್ಲು ಅಗೆಸಿ, ಜಲ್ಲಿ ಹರಡಿಸಿ, ಮೇಲೆ ಪ್ಲಾಸ್ಟಿಕ್ ಹುಲ್ಲು ಹಾಸಿಸಿ ಟೆನಿಸ್ ಅಂಗಳ ಮಾಡಿಸಿದೆ. ಅವಳು ಬೇಡವೆನ್ನಲಿಲ್ಲ.

ಕೆಲಸ ಮುಗಿದ ಮಧ್ಯಾಹ್ನ ಮೇಸ್ತ್ರಿ ಎಫ್ರಾಯೀನ್ ಒಂದು ಮೂಲೆ ತೋರಿಸಿದ.

"ಎಷ್ಟು ಸಲ ಬ್ರಷ್ ಹೊಡೆದು ಎಬ್ಬಿಸಿದ್ರೂ ಇಲ್ಲಿ ಮಾತ್ರ ಹುಲ್ಲಿನ ಎಳೆ ಮಲಗ್ಬಿಡ್ತವೆ ಸಾರ್. ಯಾರೋ ಮೇಲೆ ನಿಂತ್ಕೊಂಡಂಗೆ."

ನಗುತ್ತಲೇ ಹೇಳಿದ. ಆದರೆ ಸಾಮಾನನ್ನೆಲ್ಲ ಅವಸರದಲ್ಲಿ ಗಾಡಿಗೆ ತುಂಬಿದ.

ಅವನು ಹೋದ ಮೇಲೆ ಕಿಟಕಿಯಿಂದ ಆಗಷ್ಟೇ ಕತ್ತರಿಸಿದ ಹಸಿ ಹುಲ್ಲಿನ ವಾಸನೆ ಬಂತು. ಹೊರಗೆ ಹೋದರೆ, ಲೊರೀನ್ ಅದೇ ಮೂಲೆಯಲ್ಲಿ ಬರಿಗಾಲಲ್ಲಿ ನಿಂತು ಮೆಲ್ಲಗೆ ಮಾತಾಡುತ್ತಿದ್ದಳು.

"ಪ್ಲಾಸ್ಟಿಕ್ ಬಿಸಿಲಿಗೆ ಕಾದಿದೆ, ಕಾಲು ಸುಟ್ಕೋತೀಯ ಕಣೇ, ಈಚೆ ಬಾ!"

"ಎಲ್ಲಿ ಸುಡತ್ತೆ? ತಣ್ಣಗಿದೆ. ನೀನೂ ಬಾ ಡೇಲ್. ಅವನೇನೂ ಬೇಜಾರು ಮಾಡ್ಕೊಳಲ್ವಂತೆ."

ಸೋಲಬಾರದೆಂದು ಚಪ್ಪಲಿ ಬಿಟ್ಟು ಅವಳ ಪಕ್ಕ ಹೋಗಿ ನಿಂತೆ. ಕಾದ ಕಾವಲಿ! ಚೀರಿಕೊಂಡು ಓಡಿ ಬಂದೆ.

ಆಸ್ಪತ್ರೆಯಲ್ಲಿ ನರ್ಸ್ ಕೈಯಿಂದ ಮುಲಾಮು ತೆಗೆದುಕೊಂಡು ನನ್ನ ಬೊಬ್ಬೆ ಎದ್ದ ಅಂಗಾಲಿಗೆ ಅವಳೇ ಹಚ್ಚಿದಳು. ನಾಚಿಕೆಯಿಂದ ಮುಖ ನೋಡಲಾಗದೆ, ಅವಸರದಲ್ಲಿ ಬರಿಗಾಲಲ್ಲೇ ಬಂದಿದ್ದ ಅವಳ ಪಾದಗಳನ್ನೇ ನೋಡುತ್ತಿದ್ದೆ. ಬೆರಳ ಸಂದಿಯಲ್ಲಿ ಹುಲ್ಲಿನ ಚೂರುಗಳು ಅಂಟಿದ್ದವು. ಬಗ್ಗಿ ಒಂದನ್ನು ಹೆಕ್ಕಿ ಹಿಸುಕಿದೆ. ಒದ್ದೆಯಾಗಿತ್ತು, ಬೆರಳಿಗೆ ಹಸಿರು ಹತ್ತಿತು.