ಕೊನೆಯ ದೃಶ್ಯಕ್ಕೆ ಬೆರೆಸಿದ ನೀರು

"ಈ ಸಲ ನಿಮ್ಮ ಪಟ್ಟ ಹೋಯ್ತು ಅಂತಲೇ ಲೆಕ್ಕ, ಮೇಡಂ," ಎಂದು ಟ್ಯಾಂಕರ್ ಡ್ರೈವರ್ ಡೇರಿಯ ಕಿಟಕಿಯಲ್ಲಿ ತಲೆ ಹಾಕಿ ಹೇಳಿದ. "ಎಂಟು ಪ್ರಶಸ್ತಿಯಲ್ಲಿ ಆರಾದರೂ ನಾನು ಬರೆದ ಹಾಗೇ ಬರ್ತವೆ."

"ಮೂರು ವರ್ಷದಿಂದ ಇದೇ ಮಾತು. ಮೊದಲು ಪೈಪ್ ಹಾಕಿ," ಎಂದಳು ಅವಳು, ಹಾಲಿನ ಗಟ್ಟಿತನ ತೋರಿಸುವ ಲ್ಯಾಕ್ಟೋಮೀಟರಿನಿಂದ ಕಣ್ಣೆತ್ತದೆ. ಆದರೂ ತುಟಿಯ ಕೊನೆ ತುಸು ಮೇಲಕ್ಕೆ ಹೋಯಿತು. ಅದನ್ನು ನೋಡುವುದಕ್ಕೆಂದೇ ಅವನು ಕಿಟಕಿಗೆ ಬಂದಿದ್ದು.

ಊರಿನ ಹಾಲಿನ ಡೇರಿ ಎಂದರೆ ಎರಡೇ ಕೋಣೆ. ಮುಂದಿನದರಲ್ಲಿ ತಕ್ಕಡಿ ಮತ್ತು ಹಾಲು ಪರೀಕ್ಷೆ ಮಾಡುವ ಅವಳ ಮೇಜು. ಹಿಂದಿನದರಲ್ಲಿ ಹಾಲನ್ನು ತಣ್ಣಗಿಡುವ ಉಕ್ಕಿನ ತೊಟ್ಟಿ. ಹಸುಗಳಿಗೆ ಭಾನುವಾರವಿಲ್ಲ, ಆದ್ದರಿಂದ ಅವಳಿಗೂ ಇಲ್ಲ. ಬೆಳಿಗ್ಗೆ ಹಾಲು, ಸಂಜೆ ಹಾಲು. ಕೆಲಸಕ್ಕೆ ಸೇರಿದ ಆರು ವರ್ಷಗಳಲ್ಲಿ ಅವಳು ಒಂದೇ ಒಂದು ಸಲವೂ ಥಿಯೇಟರಿನ ಮೆಟ್ಟಿಲು ಹತ್ತಿರಲಿಲ್ಲ.

ಆದರೂ ವಿದೇಶದ ಆ ದೊಡ್ಡ ಸಿನಿಮಾ ಪ್ರಶಸ್ತಿಗಳನ್ನು ಊಹಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಹಾಲು ಹಾಕುವವರೆಲ್ಲ ಚೀಟಿಯಲ್ಲಿ ತಮ್ಮ ತಮ್ಮ ಊಹೆ ಬರೆದು ಖಾಲಿ ಕ್ಯಾನಿಗೆ ಹಾಕುತ್ತಿದ್ದರು. ಗೆದ್ದವರ ಹೆಸರು ವರ್ಷವಿಡೀ ಡೇರಿಯ ಕಪ್ಪು ಹಲಗೆಯ ಮೇಲೆ ಇರುತ್ತಿತ್ತು. ಮೂರು ವರ್ಷದಿಂದ ಅಲ್ಲಿದ್ದದ್ದು ಒಂದೇ ಹೆಸರು: ಟೆಸ್ಟರಮ್ಮ.

ಅದರ ಗುಟ್ಟು ಅವಳೊಬ್ಬಳಿಗೇ ಗೊತ್ತಿತ್ತು. ಪೇಟೆಯ ದೊಡ್ಡ ಡೇರಿಯಲ್ಲಿ ಹಾಲು ಇಳಿಸಿ, ಟ್ಯಾಂಕರ್ ತೊಳೆದು ಮುಗಿಯುವವರೆಗೆ ಡ್ರೈವರನಿಗೆ ಮೂರು ತಾಸು ಬಿಡುವು, ಎದುರಿಗೇ ಥಿಯೇಟರು. ಮಾರನೆಯ ಬೆಳಿಗ್ಗೆ ತೊಟ್ಟಿಯ ಹಾಲು ಟ್ಯಾಂಕರಿಗೆ ಹರಿಯುವ ಇಪ್ಪತ್ತು ನಿಮಿಷದಲ್ಲಿ ಅವನು ಪೈಪಿನ ಪಕ್ಕ ನಿಂತು ಕಥೆ ಹೇಳುತ್ತಿದ್ದ. ನಾಯಕಿಯ ಹಾಗೆ ನಡೆಯುತ್ತಿದ್ದ, ಖಳನ ಹಾಗೆ ಹುಬ್ಬು ಕುಣಿಸುತ್ತಿದ್ದ. ಅವಳು ಸ್ಯಾಂಪಲ್ ಬಾಟಲಿ ತೊಳೆಯುತ್ತ, ಕೇಳಿಯೂ ಕೇಳದವಳಂತೆ ಇರುತ್ತಿದ್ದಳು.

ಅವಳು ಓದುತ್ತಿದ್ದದ್ದು ಕಥೆಯನ್ನಲ್ಲ, ಅವನನ್ನು. ಯಾವ ನಟಿಯ ಮಾತು ಬಂದಾಗ ಅವನ ದನಿ ತಗ್ಗುತ್ತಿತ್ತೋ ಪ್ರಶಸ್ತಿ ಆ ನಟಿಗೆ. ಒಮ್ಮೆ ಕಥೆಯ ಗುಂಗಿನಲ್ಲಿ ಟ್ಯಾಂಕರ್ ತುಂಬಿ ಹಾಲು ಅವನ ಬೂಟಿನ ಮೇಲೇ ಹರಿದಿತ್ತು. ಅವಳು ಹಿಂದೆಮುಂದೆ ನೋಡದೆ ಆ ಚಿತ್ರವನ್ನೇ ಅತ್ಯುತ್ತಮ ಚಿತ್ರವೆಂದು ಬರೆದಳು. ಗೆದ್ದಳು.

ಈ ವರ್ಷ ಮಾತ್ರ ನಡುವೆ ಒಂದು ಕಾಗದ ಬಂದಿತ್ತು. ದೂರದ ಪ್ರಯೋಗಾಲಯದಲ್ಲಿ ಅವಳಿಗೆ ಆರು ತಿಂಗಳ ತರಬೇತಿ. ಬಸ್ಸಿನಲ್ಲಿ ಹಗಲಿಡೀ ಪ್ರಯಾಣ. ಬರುತ್ತಾಳೋ ಇಲ್ಲವೋ ಎಂಬ ಉತ್ತರ ಇವತ್ತಿನ ಟ್ಯಾಂಕರಿನಲ್ಲಿ ಹೋಗಬೇಕು, ಡೇರಿಯ ಟಪಾಲು ಒಯ್ಯುವವನು ಡ್ರೈವರನೇ. ಡೇರಿಯ ಕಾರ್ಯದರ್ಶಿಯಾಗಿದ್ದ ಅವಳ ಚಿಕ್ಕಪ್ಪ ಕಾಗದವನ್ನು ಸಾಲಿನಲ್ಲಿದ್ದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದ್ದ. ಅವಳು ಏನು ಉತ್ತರ ಬರೆದಳೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಕೇಳಲು ಡ್ರೈವರನಿಗೆ ಹನ್ನೆರಡು ದಿನದಿಂದ ಧೈರ್ಯ ಬಂದಿರಲಿಲ್ಲ.

ಸಮಾರಂಭ ನಡೆಯುವ ಊರಿನಲ್ಲಿ ಆಗ ಸಂಜೆ, ಇಲ್ಲಿ ಹಾಲು ಅಳೆಯುವ ಬೆಳಗು. ಚಿಕ್ಕಪ್ಪನ ಫೋನನ್ನು ಕ್ಯಾನಿಗೆ ಒರಗಿಸಿ ನಿಲ್ಲಿಸಿದ್ದಾಯಿತು. ಸಂಗೀತದ ಪ್ರಶಸ್ತಿ ಅವಳ ಊಹೆಯಂತೆ. ಛಾಯಾಗ್ರಹಣ ಅವನದು. ಪೋಷಕ ನಟ ಇಬ್ಬರದೂ ಅಲ್ಲ.

"ನಂದು!" ಎಂದು ಮುದುಕಿಯೊಬ್ಬಳು ಚೆಂಬು ಎತ್ತಿದಳು.

"ಯಾವ ಪಿಕ್ಚರ್ ನೋಡಿದ್ದಿ ಅಜ್ಜಿ?" ಎಂದು ಸಾಲಿನಲ್ಲಿ ಯಾರೋ ಕೇಳಿದರು.

"ಪಿಕ್ಚರ್ ಯಾರಿಗೆ ಬೇಕು? ಹುಡುಗನ ಮೂಗು ಚೆನ್ನಾಗಿತ್ತು."

ಏಳು ಪ್ರಶಸ್ತಿ ಮುಗಿದಾಗ ಇಬ್ಬರದೂ ಐದೈದು. ಉಳಿದದ್ದು ಅತ್ಯುತ್ತಮ ಚಿತ್ರ. ಅವಳು ಬರೆದದ್ದು ಯುದ್ಧದ ಚಿತ್ರ, ಅವನದು ದೀಪಸ್ತಂಭದ ಚಿತ್ರ. ತಕ್ಕಡಿಯ ಮೇಲಿನ ಕ್ಯಾನನ್ನು ಇಳಿಸುವುದು ಎಲ್ಲರಿಗೂ ಮರೆತುಹೋಗಿತ್ತು. ಫೋನಿನಲ್ಲಿ ಲಕೋಟೆ ಹರಿಯಿತು.

ದೀಪಸ್ತಂಭ!

ಡೇರಿಗೆ ಡೇರಿಯೇ ಕೂಗಿತು. ಆ ಗದ್ದಲದ ನಡುವೆ ನಿರೂಪಕಿ ಹೇಳುತ್ತಿದ್ದಳು: ಹಡಗು ಹತ್ತಿದ ನಾಯಕಿ ಒಮ್ಮೆಯೂ ಹಿಂತಿರುಗಿ ನೋಡದೆ ಹೊರಟುಹೋಗುವ ಆ ಕೊನೆಯ ದೃಶ್ಯ ತೀರ್ಪುಗಾರರ ಮನಸ್ಸು ಗೆದ್ದಿತು.

ಅವಳ ಕೈಯಲ್ಲಿದ್ದ ಬಾಟಲಿ ಅಲ್ಲೇ ನಿಂತಿತು.

"ಹೊರಟುಹೋಗ್ತಾಳಾ? ಹಡಗಿನಿಂದ ಇಳಿದು ಓಡಿ ಬಂದಳು ಅಂದಿರಲ್ಲ ನೀವು?"

ಗದ್ದಲ ಇಳಿಯಿತು. ಡ್ರೈವರ್ ಪೈಪನ್ನೇ ನೋಡಿದ.

"ಎಲಾ ಕಳ್ಳ!" ಎಂದ ಚಿಕ್ಕಪ್ಪ. "ಗೆಲ್ಲೋಕೆ ಅಂತ ಕಥೆನೇ ತಿರುಗಿಸಿಬಿಟ್ಟೆಯಾ?"

"ನನಗೆ ಅವತ್ತೇ ಅನುಮಾನ ಬಂದಿತ್ತು," ಎಂದಳು ಅವಳು. ಕೆನ್ನೆ ಕೆಂಪಾಗಿತ್ತು. "ಆರು ವರ್ಷದಲ್ಲಿ ನೀರು ಬೆರೆಸಿದ ಹಾಲು ಒಂದು ಲೋಟವೂ ಈ ಮೇಜು ದಾಟಿಲ್ಲ. ಇಡೀ ಕಥೆ ಗಟ್ಟಿ, ಕೊನೆ ಮಾತ್ರ ತೆಳು. ಪಿಕ್ಚರೇ ತೆಳು ಅಂದ್ಕೊಂಡು ಬಿಟ್ಟೆ. ಬೆರೆಸಿದ್ದು ನೀವು!"

"ಹಲಗೆ ಮೇಲೆ ನಿಮ್ಮ ಹೆಸರೇ ಇರಲಿ. ಗೆಲ್ಲೋಕೆ ಮಾಡಿದ್ದಲ್ಲ."

"ಮತ್ಯಾಕೆ?"

ಅವನು ಕೈಯೊರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ಬೇಗ ಹೇಳಪ್ಪಾ," ಎಂದಳು ಅಜ್ಜಿ. "ಮನೇಲಿ ಇನ್ನೊಂದು ಹಸು ಕರೆಯೋದಿದೆ."

"ಅವತ್ತೇ ನಿಮಗೆ ಆ ಕಾಗದ ಬಂದಿದ್ದು," ಎಂದ ಅವನು ನಿಧಾನವಾಗಿ. "ಓದಿ, ಮಡಚಿ, ಬಾಟಲಿ ತೊಳೆಯೋಕೆ ಕೂತಿರಿ. ನಾನು ಕಥೆ ಹೇಳ್ತಾ ಹೇಳ್ತಾ ಹಡಗಿನ ತನಕ ಬಂದೆ. ಹೋದಳು ಅನ್ನೋ ಮಾತು ನಿಮ್ಮ ಮುಖ ನೋಡಿಕೊಂಡು ಬಾಯಿಂದ ಹೊರಡಲಿಲ್ಲ. ಇಳಿಸಿಬಿಟ್ಟೆ."

"ಇಳಿಸಿಬಿಟ್ರಾ!"

"ನಿಮ್ಮನ್ನ ಹೋಗಬೇಡಿ ಅನ್ನೋಕೆ ನಾನ್ಯಾರು? ಅವಳನ್ನಾದರೂ ಇಳಿಸಿದೆ." ಈಗ ಅವನು ತಲೆಯೆತ್ತಿದ. "ಸುಳ್ಳು ಹೇಳಿದ್ದು ಅದೊಂದೇ ಅಲ್ಲ. ನನಗೆ ಪಿಕ್ಚರ್ ಹುಚ್ಚು ಅಂದಿದ್ದೆನಲ್ಲ, ಅದೂ ಸುಳ್ಳು. ಅರ್ಧಕ್ಕರ್ಧ ಪಿಕ್ಚರಿಗೆ ನಿದ್ದೆ ಬರ್ತಿತ್ತು. ಬೆಳಿಗ್ಗೆ ನಿಮಗೆ ಹೇಳಬೇಕಲ್ಲ ಅಂತ ಕಣ್ಣು ಬಿಟ್ಕೊಂಡು ಕೂರ್ತಿದ್ದೆ. ಮೂರು ವರ್ಷ."

ಅವಳು ಮೇಜಿನ ಖಾನೆಯಿಂದ ತನ್ನ ಉತ್ತರದ ಲಕೋಟೆ ತೆಗೆದು ಅವನ ಮುಂದೆ ಹಿಡಿದಳು.

"ಬರ್ತೀನಿ ಅಂತ ಬರೆದಿದ್ದೀನಿ. ಹೋಗಬೇಕು ನನಗೆ. ಈ ಕೆಲಸ ಪೂರ್ತಿ ಕಲೀಬೇಕು."

ಲಕೋಟೆ ತೆಗೆದುಕೊಳ್ಳುವಾಗ ಅವನ ಬೆರಳು ಒಂದು ಕ್ಷಣ ತಡೆಯಿತು. ಆಮೇಲೆ ಅದನ್ನು ಮಡಿಕೆಯಾಗದಂತೆ ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿದ.

"ಹೋಗಲೇಬೇಕು," ಎಂದ. "ನಿಮ್ಮಂಥವರು ಕಲೀದೆ ಇನ್ಯಾರು ಕಲೀಬೇಕು? ಇವತ್ತೇ ಮುಟ್ಟಿಸ್ತೀನಿ."

"ಒಂದು ಮಾತು ಕೇಳ್ತೀನಿ, ನೀರು ಬೆರೆಸದೆ ಹೇಳಿ. ಆ ಪಿಕ್ಚರಲ್ಲಿ ದಡದಲ್ಲಿ ನಿಂತಿದ್ದನಲ್ಲ ನಾಯಕ, ಅವಳಿಗೆ ಏನಾದ್ರೂ ಹೇಳಿದ್ನಾ?"

"ಇಲ್ಲ. ಕೈ ಕಟ್ಕೊಂಡು ನಿಂತಿದ್ದ."

"ಮತ್ತೆ ತಿರುಗಿ ನೋಡೋಕೆ ಅವಳಿಗೇನು ಹುಚ್ಚಾ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಮೊದಲು ಕಣ್ಣಿಗೆ ಬಂತು, ಆಮೇಲೆ ಮುಖಕ್ಕೆಲ್ಲ ಹರಡಿತು.

"ನೀವು ಹೇಳಿದ್ದೀರಿ," ಎಂದಳು ಅವಳು, ಅವನಿಗಷ್ಟೇ ಕೇಳುವಂತೆ. "ಆರು ತಿಂಗಳು ಅಷ್ಟೇ. ತಿರುಗಿ ನೋಡ್ತಾನೇ ಇರ್ತೀನಿ."

ಆಮೇಲೆ ದನಿ ಏರಿಸಿದಳು. "ಚಿಕ್ಕಪ್ಪಾ, ಭಾನುವಾರ ಸಂಜೆ ಹಾಲು ನೀವೇ ಟೆಸ್ಟ್ ಮಾಡಿ. ನಾನು ಪಿಕ್ಚರಿಗೆ ಹೋಗ್ತೀನಿ."

"ಯಾರ ಜೊತೆ?"

"ನಿನ್ನ ಜೊತೆಯಂತೂ ಅಲ್ಲ," ಎಂದಳು ಅಜ್ಜಿ. "ನನ್ನ ಹಾಲು ಅಳೆ ಮೊದಲು."

ಡ್ರೈವರ್ ಕಿಟಕಿಯ ಸರಳು ಹಿಡಿದು ನಿಂತಿದ್ದ. "ಯಾವ ಪಿಕ್ಚರು?"

"ದೀಪಸ್ತಂಭದ್ದೇ. ನೀವು ಬಾಯಿ ಬಿಡಬಾರದು. ಸೋಮವಾರ ಬೆಳಿಗ್ಗೆ ನಾನೇ ನಿಮಗೆ ಕಥೆ ಹೇಳ್ತೀನಿ."

"ಪಕ್ಕದಲ್ಲೇ ಕೂತು ನೋಡಿದವನಿಗೆ ಮತ್ತೆ ಕಥೆ ಯಾಕೆ?"

ಅವಳು ಮುಂದಿನ ಸ್ಯಾಂಪಲ್ಲಿಗೆ ಕೈ ಚಾಚುತ್ತ, ಈ ಸಲ ಕಣ್ಣೆತ್ತಿ, ಅವನನ್ನು ನೇರವಾಗಿ ನೋಡಿದಳು.

"ಪಕ್ಕದಲ್ಲಿ ನಾನಿದ್ದರೆ ನೀವು ಪರದೆ ನೋಡ್ತೀರಾ?"