ಲುಂಗಿ ಬಟ್ಟೆಯ ಫ್ರಾಕ್

"ಹೆಣ್ಮಕ್ಕಳ ಫ್ರಾಕಿಗೆ ಜೇಬು ಇಡಂಗಿಲ್ರಿ ನಾವು!"

"ಯಾಕೆ ಇಡಲ್ಲ? ಹೆಣ್ಮಕ್ಕಳಿಗೆ ಕೈ ಇಲ್ವಾ?"

ರಾಜಾಜಿನಗರದ ಅಡ್ಡರಸ್ತೆಯ 'ಕಸ್ತೂರಿ ಲೇಡೀಸ್ ಟೇಲರ್ಸ್' ಒಳಗೆ ಫ್ಯಾನು ಸುಮ್ಮನೆ ಸದ್ದು ಮಾಡುತ್ತಿತ್ತು, ಗಾಳಿ ಮಾತ್ರ ಇರಲಿಲ್ಲ. ಏಪ್ರಿಲ್ ಮಧ್ಯಾಹ್ನ. ರಕ್ಷಾಳ ಮೂಗಿನ ತುದಿಯಲ್ಲಿ ಬೆವರು, ಕಣ್ಣಲ್ಲಿ ಕಿಡಿ!

ಕತ್ತರಿ ಹಿಡಿದು ನಿಂತಿದ್ದವನು ದುಂಡೇಶ. ಗೋಕಾಕದ ಕಡೆಯವನು. ತಾಯಿ ಕಸ್ತೂರೆವ್ವನ ಹೆಸರಿನಲ್ಲಿ ಅಂಗಡಿ ಹಾಕಿ ನಾಲ್ಕು ವರ್ಷವಾಗಿತ್ತು. ಮೇಜಿನ ಮೇಲೆ ಅವಳು ಹರವಿದ ಬಟ್ಟೆಯನ್ನು ಅವನು ಎರಡು ಬೆರಳಲ್ಲಿ ಎತ್ತಿ ನೋಡಿದ.

"ಮತ್ತ... ಇದು ಗಂಡಸರ ಲುಂಗಿ ಬಟ್ಟಿ ಐತ್ರಿ."

"ಗೊತ್ತು. ನಾನೇ ಆರಿಸಿ ತಂದಿದ್ದು. ಹಸಿರು ಚೌಕಳಿ, ಹತ್ತಿ ಬಟ್ಟೆ, ಬೇಸಿಗೆಗೆ ಇದಕ್ಕಿಂತ ತಂಪು ಬೇರೆ ಯಾವುದಿದೆ ಹೇಳಿ?"

ಅವಳು ಚೀಲದಿಂದ ಡ್ರಾಯಿಂಗ್ ಪುಸ್ತಕ ತೆಗೆದು ಚಿತ್ರ ತೋರಿಸಿದಳು. ಮೊಣಕಾಲು ದಾಟುವ ಸಡಿಲ ಫ್ರಾಕ್, ಅರ್ಧ ತೋಳು, ಎರಡು ಕಡೆ ಆಳವಾದ ಜೇಬು.

"ಈ ಜೇಬಲ್ಲಿ ಒಂದು ಪೂರ್ತಿ ಮಾವಿನಕಾಯಿ ಹಿಡೀಬೇಕು. ತಿಳೀತಾ?"

ದುಂಡೇಶ ಚಿತ್ರವನ್ನು ನೋಡಿದ. ಅವಳನ್ನು ನೋಡಿದ. ಇನ್ನೊಮ್ಮೆ ಚಿತ್ರವನ್ನು ನೋಡಿದ. ಎಲ್ಲಿಂದ ಬಂತಪ್ಪಾ ಈ ಬಿರುಗಾಳಿ ಎಂದುಕೊಂಡ. ಆದರೂ ತುಟಿಯಂಚಿನಲ್ಲಿ ನಗು ತಡೆಯಲಾಗಲಿಲ್ಲ.

"ಅಳತಿಗೆ ಒಂದು ಹಳೇ ಕುರ್ತಾ ಬಿಟ್ಟು ಹೋಗ್ರಿ. ನಾಳಿ ಬರ್ರಿ."

ಟೇಲರ್ ಬಾಯಲ್ಲಿ ಬಂದ 'ನಾಳೆ'ಯನ್ನು ಯಾರಾದರೂ ನಂಬುತ್ತಾರೆಯೇ? ರಕ್ಷಾ ನಂಬಿದಳು, ಪಾಪ.

ಅವಳು ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಬೇಸಿಗೆ ರಜೆ. ಬಸವೇಶ್ವರನಗರದ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಫ್ರಿಜ್ಜಿನ ಬಾಗಿಲು ತೆಗೆಯುವಳು, ಮುಚ್ಚುವಳು. ತಾರಸಿಯಲ್ಲಿ ಅಮ್ಮ ಒಣಹಾಕಿದ ಸಂಡಿಗೆಯನ್ನು ಅರ್ಧ ಹಸಿಯಲ್ಲೇ ಕಿತ್ತು ತಿಂದು ಬೈಸಿಕೊಳ್ಳುವಳು. ಏನೋ ಬೇಕು... ಏನು ಅಂತ ಗೊತ್ತಿಲ್ಲ!

ಮರುದಿನ ಹೋದಳು.

"ಮಷೀನ್ ಬೆಲ್ಟ್ ಹರಿದೈತ್ರಿ. ನಾಳಿ ಬರ್ರಿ."

ಅದರ ಮರುದಿನ ಕರೆಂಟಿರಲಿಲ್ಲ. ಆಮೇಲೆ ಮದುವೆ ಬ್ಲೌಸುಗಳ ರಾಶಿ. ಹೀಗೆ ಒಂದಲ್ಲ ಎರಡಲ್ಲ, ಹನ್ನೊಂದು ಸಲ! ಬೇರೆ ಯಾವ ಟೇಲರ್ ಆಗಿದ್ದರೂ ಮೂರನೇ ಸಲಕ್ಕೇ ಬಟ್ಟೆ ಕಿತ್ತುಕೊಂಡು ಬರುವ ಹುಡುಗಿ ಇವಳು. ಇಲ್ಲಿ ಮಾತ್ರ ಹುಬ್ಬು ಗಂಟಿಕ್ಕಿ ಜಗಳವಾಡಿ, ಬೆಂಚಿನ ಮೇಲೆ ಕೂತುಬಿಡುತ್ತಿದ್ದಳು.

ಎದುರಿನ ತಾಳೆಹಣ್ಣಿನ ಗಾಡಿಯಿಂದ ದುಂಡೇಶ ತಾಟಿನುಂಗು ತರಿಸುತ್ತಿದ್ದ. ಒಂದು ದಿನ ಅದರ ನೀರು ಅವಳ ಮೊಣಕೈವರೆಗೆ ಇಳಿಯಿತು. ಅವನು ತುಂಡು ಬಟ್ಟೆ ಚಾಚಿದ. ಅವಳು ಕೈ ಒರೆಸಿಕೊಳ್ಳುತ್ತಾ ಕೇಳಿದಳು.

"ಊರಲ್ಲಿ ಬೇಸಿಗೇಲಿ ಏನ್ ಮಾಡ್ತಿದ್ರಿ?"

"ಹೊಳಿಗೆ ಬಿದ್ದು ಈಜತಿದ್ವಿ. ಇಲ್ಲಿ ಬೆವರಿನಾಗ ಈಜತೀವಿ, ಅಷ್ಟ!"

ಅವಳು ಜೋರಾಗಿ ನಕ್ಕಳು. ಅವನು ಕತ್ತರಿ ಆಡಿಸುವುದನ್ನು ಮರೆತು ನೋಡುತ್ತ ಕುಳಿತ. ಅವಳು ಕಟಿಂಗ್ ಪೇಪರಿನ ಹಿಂದೆ ಕತ್ತಿನ ಡಿಸೈನ್ ಗೀಚಿಕೊಟ್ಟರೆ ಅವನು ಗೋಡೆಗೆ ಅಂಟಿಸುತ್ತಿದ್ದ. ಕೇಳದ ಗಿರಾಕಿಗಳ ಕುರ್ತಾಗಳಿಗೂ ಜೇಬು ಇಡತೊಡಗಿದ್ದ, ಮಹಾರಾಯ!

*ನನ್ನ ಫ್ರಾಕ್ ಇವತ್ತೂ ಆಗದಿರಲಿ ದೇವರೇ...* ಅಂಗಡಿಯ ಮೆಟ್ಟಿಲು ಹತ್ತುವಾಗ ರಕ್ಷಾ ಹೀಗೆ ಬೇಡಿಕೊಂಡು, ತನ್ನ ಬೇಡಿಕೆಗೆ ತಾನೇ ಬೆಚ್ಚಿದಳು. ಅವಳಿಗೆ ಅವನು ಇಷ್ಟವಾಗಿದ್ದ. ಹೇಳುವುದು ಹೇಗೆ? ಮೊದಲು ಅವನು ಹೇಳಬಾರದೇ?

ಹಾಗಿರುವಾಗ ಒಂದು ಗುರುವಾರ ಅಮ್ಮ ಬಸವರಾಜೇಶ್ವರಿ ಸುದ್ದಿ ತಂದರು.

"ಭಾನುವಾರ ರಾಜರಾಜೇಶ್ವರಿನಗರದಿಂದ ನಿನ್ನ ನೋಡೋಕೆ ಬರ್ತಿದ್ದಾರೆ ಕಣೇ. ಹುಡುಗ ಎಂಜಿನಿಯರ್, ವಿಶ್ವಾರಾಧ್ಯ ಅಂತ. ನಿಮ್ಮಪ್ಪನಿಗೆ ತುಂಬಾ ಹಿಡಿಸಿದೆ. ನೀನು ಹ್ಞೂಂ ಅಂದ್ರೆ ಅಲ್ಲೇ ತಾಂಬೂಲ ಬದಲಾಯಿಸೋದು ಅಂತಿದ್ದಾರೆ."

ರಕ್ಷಾ ಎದ್ದು ಅಡುಗೆಮನೆಗೆ ಹೋದಳು. ಇಡೀ ಒಂದು ಚೊಂಬು ಮಜ್ಜಿಗೆ ಕುಡಿದರೂ ಬಾಯಾರಿಕೆ ಹೋಗಲಿಲ್ಲ.

ಶುಕ್ರವಾರ ಅಂಗಡಿಗೆ ಹೋದವಳು ಬೆಂಚಿನ ಮೇಲೆ ಕೂರಲಿಲ್ಲ.

"ನನ್ನ ಫ್ರಾಕ್?"

"ಇನ್ನೂ ಕತ್ತರಿ ಸೈತ ಹಾಕಿಲ್ರಿ..."

"ಭಾನುವಾರ ನನ್ನ ನೋಡೋಕೆ ಗಂಡಿನ ಕಡೆಯವರು ಬರ್ತಿದ್ದಾರೆ."

ಮಷೀನಿನ ಸದ್ದು ನಿಂತಿತು. *ಏನಾದ್ರೂ ಹೇಳಿ... ಬೇಡ ಅನ್ನಿ... ಒಂದು ಮಾತು ಸಾಕು!*

ದುಂಡೇಶ ದಾರದ ಉಂಡೆಯನ್ನು ನೋಡುತ್ತ ಹೇಳಿದ.

"ಹಂಗಾರ ನಾಳಿ ಮಧ್ಯಾಹ್ನಕ್ಕ ಕೊಡ್ತೀನ್ರಿ. ಖಂಡಿತ."

ಶನಿವಾರ ಅವಳು ಹೋದಾಗ ಫ್ರಾಕ್ ಸಿದ್ಧವಾಗಿತ್ತು. ಇಸ್ತ್ರಿ ಮಾಡಿ, ಮಡಚಿ, ಕವರಿಗೆ ಹಾಕಿ ಇಟ್ಟಿದ್ದ! ಮೂರು ವಾರ ಕತ್ತರಿ ಹಾಕದವನು ಒಂದೇ ದಿನದಲ್ಲಿ ಮುಗಿಸಿದ್ದ, ಅದೂ ಅವಳನ್ನು ಇನ್ನೊಬ್ಬನಿಗೆ ತೋರಿಸುವುದಕ್ಕೆ.

"ಚಲೋ ಆಗಲ್ರಿ ನಿಮಗ," ಎಂದ.

"ಇಷ್ಟು ಬೇಗ ಆಗುತ್ತೆ ಅಂದ್ಕೊಂಡಿರಲಿಲ್ಲ. ಥ್ಯಾಂಕ್ಸ್!"

ಕವರು ಕಿತ್ತುಕೊಂಡು ಸುಡುಬಿಸಿಲಿಗೆ ಇಳಿದಳು. ನಿಂಬೆ ಸೋಡಾದವನು "ಅಕ್ಕಾ, ಒಂದು ಹಾಕ್ಲಾ?" ಎಂದರೂ ತಿರುಗಿ ನೋಡಲಿಲ್ಲ. *ನಾನೇ ಹುಚ್ಚಿ! ಅವನಿಗೆ ನಾನೊಬ್ಬಳು ಗಿರಾಕಿ, ಅಷ್ಟೇ...* ಮನೆ ಮುಟ್ಟುವವರೆಗೂ ಕಣ್ಣೊರೆಸುತ್ತಲೇ ಇದ್ದಳು.

ಭಾನುವಾರ ಬೆಳಿಗ್ಗೆ ಅಮ್ಮ ಎತ್ತಿಟ್ಟ ರೇಷ್ಮೆ ಸೀರೆಯನ್ನು ಬಿಟ್ಟು ರಕ್ಷಾ ಫ್ರಾಕನ್ನೇ ತೊಟ್ಟಳು. ಯಾವ ಹಟಕ್ಕೆ ಎಂದು ಅವಳಿಗೂ ತಿಳಿಯದು.

"ಅಯ್ಯೋ ಶಿವನೇ! ಲುಂಗಿ ಉಟ್ಕೊಂಡು ಬೀಗರ ಮುಂದೆ ನಿಲ್ತೀಯೇನೇ?"

"ಅವರು ನೋಡೋಕೆ ಬರ್ತಿರೋದು ನನ್ನನ್ನ ತಾನೇ ಅಮ್ಮಾ? ನಾನು ಇರೋದೇ ಹೀಗೆ."

ಬೈಯುತ್ತಲೇ ಬಸವರಾಜೇಶ್ವರಿ ಫ್ರಾಕಿನ ಅಂಚು ಹಿಡಿದು ಎಳೆದರು. ಎಳೆದವರು ಅಲ್ಲೇ ಮಂಡಿಯೂರಿ ಕೂತರು. ಮದುವೆಗೆ ಮುಂಚೆ ದಾವಣಗೆರೆಯಲ್ಲಿ ಅವರೂ ಹೊಲಿಗೆ ಕಲಿತವರು.

"ಯಾರೇ ಹೊಲಿದಿದ್ದು ಇದನ್ನ?"

"ಆ ಟೇಲರ್. ಮೊನ್ನೆ ಸಂಜೆ ಶುರು ಮಾಡಿ ನಿನ್ನೆ ಮಧ್ಯಾಹ್ನ ಬಿಸಾಕಿದ."

"ಯಾರಿಗ್ ಹೇಳ್ತೀಯ? ಹೊಸ ಲುಂಗಿ ಬಟ್ಟೆ ಗಂಜಿ ಇದ್ದು ಗರಿಗರಿ ಅನ್ನಬೇಕು. ಇದನ್ನ ನೆನೆಸಿ, ಒಣಗಿಸಿ, ಮತ್ತೆ ನೆನೆಸಿ ಆಮೇಲೆ ಕತ್ತರಿಸಿದ್ದಾನೆ. ಒಗೆದ ಮೇಲೆ ಕುಗ್ಗಬಾರದು ಅಂತ. ಈ ಅಂಚು ನೋಡು... ಸುತ್ತಲೂ ಕೈಹೊಲಿಗೆ. ಜೇಬಿನ ಚೌಕಳಿ ಫ್ರಾಕಿನ ಚೌಕಳಿಗೆ ಗೆರೆ ತಪ್ಪದೆ ಕೂತಿದೆ. ಒಂದು ವಾರ ಕೂತಿರಬೇಕು ಕಣೇ ಅವನು!"

ರಕ್ಷಾ ಅಂಚನ್ನು ಅಮ್ಮನ ಕೈಯಿಂದ ತೆಗೆದುಕೊಂಡು ನೋಡಿದಳು.

ಇನ್ನೂ ಕತ್ತರಿ ಹಾಕಿಲ್ಲ ಎಂದಿದ್ದನಲ್ಲ? ಹಾಗಿದ್ದರೆ... ಇದು ಯಾವಾಗಲೋ ಆಗಿತ್ತೇ? ಆಗಿದ್ದೂ ಕೊಡದೆ, ಅವಳು ದಿನಾ ಬರಲಿ ಎಂದು...

"ಅಮ್ಮಾ!" ಎಂದವಳು ಅಮ್ಮನ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟಳು. ತಾಯಿಗೆ ಬಿಡಿಸಿ ಹೇಳಬೇಕೇ? ಬಸವರಾಜೇಶ್ವರಿಯ ಮುಖ ಬಿಳಿಚಿತು. ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು.

ವಿಶ್ವಾರಾಧ್ಯ ಒಳ್ಳೆಯವನೇ. ಪಾನಕ ಕುಡಿದು, ಬಾಲ್ಕನಿಯಲ್ಲಿ ಅವಳ ಜೊತೆ ಮಾತಿಗೆ ನಿಂತಾಗ "ನಿಮ್ಮ ಡ್ರೆಸ್ ಚೆನ್ನಾಗಿದೆ" ಎಂದ.

"ಕ್ಷಮಿಸಿ, ನಿಮ್ಮನ್ನ ಇಷ್ಟು ದೂರ ಬರಿಸಿಬಿಟ್ವಿ," ಎಂದಳು ರಕ್ಷಾ. "ಇದನ್ನ ಹೊಲಿದವರನ್ನ ನಾನು ಪ್ರೀತಿಸ್ತೀನಿ. ಅವರಿಗೇ ಇನ್ನೂ ಹೇಳಿಲ್ಲ."

ಅವನು ಕನ್ನಡಕ ಸರಿಮಾಡಿಕೊಂಡು, "ಹಾಗಾದ್ರೆ ಮೊದಲು ಅವರಿಗೆ ಹೇಳಿ," ಎಂದ.

ನೆಂಟರು ಹೋದ ಮೇಲೆ ಅವಳು ಅಪ್ಪನಿಗೂ ಅದನ್ನೇ ಹೇಳಿದಳು. ನಿವೃತ್ತ ತಹಶೀಲ್ದಾರ್ ನಾಗಭೂಷಣ್ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಅಂಗಡಿಗೆ ಹೊರಟ ಅವಳ ಜೊತೆ ಅಮ್ಮನೇ ಗೇಟಿನವರೆಗೆ ಬಂದರು.

"ಅವನ ಮನಸ್ಸಲ್ಲಿ ಏನಿದೆ ಕೇಳು. ಇದ್ದರೆ ಈಗಲೇ ಕರ್ಕೊಂಡು ಬಾ. ನಿಮ್ಮಪ್ಪನ ಎದುರು ಕೂತು ಅವನೇ ಹೇಳಲಿ. ಬರೋಕೆ ಧೈರ್ಯ ಇಲ್ಲ ಅಂದ್ರೆ ಮರೆತುಬಿಡು ಮಗಳೇ."

ಅಂಗಡಿಯ ಷಟರ್ ಅರ್ಧ ಇಳಿದಿತ್ತು. ದುಂಡೇಶ ಮಷೀನಿನ ಮುಂದೆ ಸುಮ್ಮನೆ ಕೂತಿದ್ದ. ಬಗ್ಗಿ ಒಳಬಂದ ಹಸಿರು ಚೌಕಳಿಯನ್ನು ಕಂಡು ದಡಬಡಿಸಿ ಎದ್ದ.

"ಯಾಕ್ರಿ? ಅಳತಿ ತಪ್ಪೈತೇನ್ರಿ?"

"ಇದನ್ನ ಹೊಲಿದು ಮುಗಿಸಿದ್ದು ಯಾವತ್ತು?"

ಅವನು ಮೇಜಿನ ಮೇಲಿನ ಕತ್ತರಿಯನ್ನು ಎತ್ತಿ ಇನ್ನೊಂದು ಕಡೆ ಇಟ್ಟ.

"ದುಂಡೇಶ್, ಯಾವತ್ತು?"

"...ಎಂಟನೇ ದಿನ."

"ಮತ್ತೆ ಯಾಕೆ ಕೊಡಲಿಲ್ಲ?"

"ಕೊಟ್ಟಿದ್ರ ನೀವು ಮತ್ತ ಬರತಿದ್ರೇನ್ರಿ?" ಅವನ ಕಣ್ಣು ತುಂಬಿತ್ತು. "ನೀವು ಬಂದು ಜಗಳಾ ಮಾಡಲಿಲ್ಲಂದ್ರ ನನಗ ದಿನಾನೇ ಹೋಗಂಗಿಲ್ರಿ. ಖರೇ ಹೇಳ್ತೀನಿ, ಜೀವಕ್ಕಿಂತ ಹೆಚ್ಚು ಇಷ್ಟ ನೀವು. ಆದ್ರ ನೀವು ತಹಶೀಲ್ದಾರ್ರ ಮಗಳು, ನಾ ಬಟ್ಟಿ ಹೊಲಿಯಾಂವ. ಗಂಡು ನೋಡಾಕ ಬರ್ತಾನ ಅಂದಾಗ... ನನ್ನ ಸಲುವಾಗಿ ನಿಮ್ಮ ಬಾಳೇ ನಿಲ್ಲಬಾರದು ಅನಸ್ತು."

"ನನ್ನ ಒಂದು ಮಾತು ಕೇಳದೆ ನೀವೇ ತೀರ್ಮಾನ ಮಾಡಿಬಿಟ್ರಾ? ನಿನ್ನೆ ನಾನು ಎಷ್ಟು ಅತ್ತೆ ಗೊತ್ತಾ?" ಅವಳು ಈಗಲೂ ಅಳುತ್ತಲೇ ಇದ್ದಳು. "ಬಂದವರಿಗೆ ಆಗಲ್ಲ ಅಂದೆ. ನಂಗೆ ನೀವೇ ಬೇಕು ಅಂತ ಅಪ್ಪನಿಗೂ ಹೇಳಿ ಬಂದಿದೀನಿ."

ದುಂಡೇಶ ಮೇಜನ್ನು ಹಿಡಿದುಕೊಂಡ.

"ಏನಂದ್ರು?"

"ಇನ್ನೂ ಏನೂ ಅಂದಿಲ್ಲ. ಪೇಪರ್ ಹಿಡ್ಕೊಂಡು ಕೂತಿದ್ದಾರೆ, ತಲೆಕೆಳಗಾಗಿ. ನೀವು ಈಗಲೇ ಬಂದು ಮಾತಾಡಬೇಕಂತೆ. ಬರ್ತೀರಾ?"

ಅವನು ಒಮ್ಮೆ ತನ್ನನ್ನು ತಾನು ನೋಡಿಕೊಂಡ. ಬೆವರಿಗೆ ಬೆನ್ನಿಗಂಟಿದ ಅಂಗಿ, ತೋಳಿನ ತುಂಬ ದಾರದ ಚೂರು, ಹವಾಯಿ ಚಪ್ಪಲಿ.

"ಇದೇ ಅಂಗೀಲೆ ಬರಲೇನ್ರಿ?"

"ಇದೇ ಅಂಗೀಲಿ ಬನ್ನಿ."

ಅವನು ಷಟರ್ ಎಳೆದು ಬೀಗ ಹಾಕಲು ಹೋದ. ಎರಡು ಸಲ ಕೀಲಿ ಜಾರಿ ಕೆಳಗೆ ಬಿತ್ತು.

"ಹೆದರಿಕಿ ಆಗಾಕತ್ತೈತಿ ರಕ್ಷಾ..."

"ನಂಗೂ. ಕೊಡಿ ಇಲ್ಲಿ."

ಅವನು ಕೀಲಿ ಕೊಡಲು ಹೋದ. ಅವಳು ಕೈ ಹಿಡಿದುಕೊಂಡಳು.