ಪಾರಣೆಯಿಲ್ಲದ ವ್ರತ

ಸತ್ಯಭಾಮಾ ಮಗನ ಮುಂದಿಟ್ಟ ತಟ್ಟೆಯನ್ನು ಶೇಷಮ್ಮ ಎರಡೂ ಕೈಯಿಂದ ಹಿಂದಕ್ಕೆ ಸರಿಸಿದರು. ತೊವ್ವೆ ಕಲಸಿದ ಅನ್ನದಿಂದ ಇನ್ನೂ ಹಬೆಯಾಡುತ್ತಿತ್ತು.

"ಗುರುವಾರ ಅನ್ನೋದು ಮರೆತೇಹೋಯ್ತೇನೇ? ಹದಿನೇಳು ವರ್ಷದ ಹುಡುಗನಿಗಿರೋ ದೇವರ ಭಯ ಹೆತ್ತವಳಿಗೆ ಇಲ್ಲವಲ್ಲ..."

ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಪ್ರಣವ ಯಾರ ಮುಖವನ್ನೂ ನೋಡದೆ ಎದ್ದುಹೋದ.

ಶಿವಮೊಗ್ಗದ ವಿನೋಬನಗರದ ಆ ಮನೆಯಲ್ಲಿ ಎರಡು ತಿಂಗಳಿಂದ ಇದೇ ನಡೆದಿತ್ತು. ಗುರುವಾರ ರಾಯರ ಹೆಸರಿನಲ್ಲಿ, ಶನಿವಾರ ವೆಂಕಟರಮಣನ ಹೆಸರಿನಲ್ಲಿ ಹುಡುಗ ಉಪವಾಸ. ಏಕಾದಶಿಯಂತೂ ಸರಿಯೇ ಸರಿ. ಮಿಕ್ಕ ದಿನ ಒಪ್ಪೊತ್ತು. ಶೇಷಮ್ಮನ ಮಗ ಉಡುಪಿಯ ಬ್ಯಾಂಕಿನಲ್ಲಿದ್ದು ತಿಂಗಳಿಗೊಮ್ಮೆ ಬಂದುಹೋಗುವವನಾದ್ದರಿಂದ ಮನೆಯಲ್ಲಿ ಅವರ ಮಾತೇ ಮಾತು. ಮೊಮ್ಮಗನ ಭಕ್ತಿಯನ್ನು ಅವರು ಮಠದ ಭಜನೆಯಲ್ಲಿ ಹೇಳಿಕೊಂಡರು, ತವರು ಹೊಳೆಹೊನ್ನೂರಿಗೆ ಫೋನು ಮಾಡಿ ಹೇಳಿಕೊಂಡರು. ಅಷ್ಟಕ್ಕೇ ನಿಲ್ಲದೆ, ಮಗು ಹಸಿದಿರುವಾಗ ತನ್ನ ಗಂಟಲಲ್ಲಿ ತುತ್ತು ಇಳಿಯುವುದಾದರೂ ಹೇಗೆ ಎಂದು ಎಪ್ಪತ್ತಮೂರರ ವಯಸ್ಸಿನಲ್ಲಿ ಅವನ ವ್ರತಗಳನ್ನೆಲ್ಲ ತಾವೂ ಹಿಡಿದುಬಿಟ್ಟರು. ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಕಟ್ಟಿದರೆ, ಅದೂ ದೇವರ ಪಾದಕ್ಕೆ ಎಂದುಕೊಂಡರು.

ಹುಡುಗ ಅದನ್ನು ಬಲ್ಲ. "ಅಜ್ಜಿ, ನೀವು ಉಣ್ಣಿ" ಎಂದು ಒಂದೆರಡು ಸಲ ಅಂದಿದ್ದ. ಅಂದಾಗೆಲ್ಲ ಅವನ ಧ್ವನಿ ನಡುಗುತ್ತಿತ್ತು. ಶೇಷಮ್ಮ ಅದನ್ನೂ ಭಕ್ತಿಯೆಂದೇ ತಿಳಿದರು.

ಏಕಾದಶಿ ಶನಿವಾರ ಬಂತು. ಮರುದಿನ ದ್ವಾದಶಿ. ಬೆಳಗಿನ ಎಂಟೂವರೆಯೊಳಗೆ ಪಾರಣೆಯೆಂದು ಪಂಚಾಂಗದಲ್ಲಿತ್ತು. ಅತ್ತೆ ಸೊಸೆ ಬೆಳಕು ಹರಿಯುವ ಮುಂಚೆಯೇ ಎದ್ದು ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ಹೆಸರುಬೇಳೆ ಕೋಸಂಬರಿ ಮಾಡಿ ನೈವೇದ್ಯಕ್ಕಿಟ್ಟರು. ಆರು ಗಂಟೆಗೆಲ್ಲ ಪೂಜೆ ಮುಗಿಸಿ ಶೇಷಮ್ಮ ಮೊಮ್ಮಗನನ್ನು ಕೂಗಿದರೆ, ಅವನು ಬೆನ್ನಿಗೆ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಈಗ ಬೇಡ ಅಜ್ಜಿ. ಭದ್ರಾವತಿಗೆ ಜಿಮ್‌ಗೆ ಹೋಗ್ತಿದೀನಿ. ಸಂಜೆ ನೋಡೋಣ."

ಗೇಟಿನ ಸದ್ದಾಯಿತು. ಶೇಷಮ್ಮ ನಿಂತಲ್ಲೇ ನಿಂತರು. ಐವತ್ತು ವರ್ಷ ಏಕಾದಶಿ ಮಾಡಿದ ಜೀವ ಅದು. ಉಪವಾಸಕ್ಕೆ ಒಂದು ಕೊನೆಯುಂಟು. ದ್ವಾದಶಿಯ ಪಾರಣೆ ತಪ್ಪಿದರೆ ಹಿಂದಿನ ದಿನದ ಹಸಿವೆಲ್ಲ ನೀರಿನಲ್ಲಿ ಹೋಮ. ದೇವರಿಗಾಗಿ ಹಸಿದವನು ದ್ವಾದಶಿಯ ಎಲೆ ಬಿಟ್ಟು ಹೋಗುವುದುಂಟೇ? ಹಾಗಾದರೆ ಈ ಹುಡುಗ ಹಸಿದದ್ದು ಯಾರಿಗಾಗಿ?

ತಿರುಗಿ ಸೊಸೆಯ ಮುಖ ನೋಡಿದರು. ಕೇಳುವ ಮೊದಲೇ ಸತ್ಯಭಾಮಾ ಹೇಳಿದಳು.

"ಮುಂದಿನ ತಿಂಗಳು ಭದ್ರಾವತಿಯಲ್ಲಿ ಹುಡುಗರ ಬಾಡಿ ಬಿಲ್ಡಿಂಗ್ ಸ್ಪರ್ಧೆ ಇದೆ ಅತ್ತೆ. ಅದಕ್ಕೆ ಬೊಜ್ಜು ಇಳಿಸ್ತಿದಾನೆ. ನಾನು ಎರಡು ಸಲ ಹೇಳಿದೆ. ನೀವು ಕಿವಿಗೆ ಹಾಕ್ಕೊಳ್ಳಲಿಲ್ಲ."

ನಿಜ, ಹೇಳಿದ್ದಳು. ನಾಸ್ತಿಕಳ ಹಾಗೆ ಮಾತಾಡಬೇಡ ಎಂದು ಇವರೇ ಬಾಯಿ ಮುಚ್ಚಿಸಿದ್ದರು.

"ಅಡಿಗೆಯನ್ನೆಲ್ಲ ಡಬ್ಬಿಗೆ ತುಂಬು. ಬಾಳೆ ಎಲೆಯನ್ನೂ ಇಟ್ಟುಕೋ" ಎಂದರು ಶೇಷಮ್ಮ. ಸೀರೆಯನ್ನೂ ಬದಲಿಸಲಿಲ್ಲ.

ಸಿಕ್ಕ ಮೊದಲ ಬಸ್ಸಿಗೇ ಇಬ್ಬರೂ ಹತ್ತಿದರು. ಜಿಮ್ ನಡೆಸುತ್ತಿದ್ದ ಉಜ್ಜನಪ್ಪ ಬೇರೆಯವರೇನಲ್ಲ. ಶೇಷಮ್ಮನ ಯಜಮಾನರು ಭದ್ರಾವತಿಯ ಕಾರ್ಖಾನೆಯಲ್ಲಿದ್ದಾಗ ಅವರ ಕೈಕೆಳಗೆ ದುಡಿದವನು. ಹಳೆಯ ಶೆಡ್ಡೊಂದರಲ್ಲಿ ಹುಡುಗರಿಗೆ ತಾಲೀಮು ಹೇಳಿಕೊಡುತ್ತಿದ್ದ. ಇವರು ಹೋದಾಗ ಪ್ರಣವ ಬೆಂಚಿನ ಮೇಲೆ ಮಲಗಿ ಎದೆಯ ಮೇಲಿನ ಕಬ್ಬಿಣದ ಸರಳನ್ನು ಎತ್ತಲಾಗದೆ ಒದ್ದಾಡುತ್ತಿದ್ದ. ಉಜ್ಜನಪ್ಪ ಅದನ್ನು ಹಿಡಿದು ಪಕ್ಕಕ್ಕಿಟ್ಟವನು ಇವರನ್ನು ಕಂಡು ಗಾಬರಿಯಾಗಿ ಕೈ ಮುಗಿದ.

"ನನ್ನ ಮೊಮ್ಮಗನಿಗೆ ಉಪವಾಸ ಹೇಳಿಕೊಟ್ಟವನು ನೀನೇನಪ್ಪಾ?"

"ಅಯ್ಯೋ ಅಮ್ಮಾ, ನಾನ್ಯಾಕೆ ಹೇಳಲಿ? ಇವನು ಮನೇಲಿ ಸರಿಯಾಗಿ ತಿಂತೀನಿ ಅಂತ ನನಗೇ ಟೋಪಿ ಹಾಕಿದಾನೆ."

ದಿನಕ್ಕೆ ನಾಲ್ಕು ಸಲ ಉಣ್ಣಬೇಕೆಂದು ತಾನೇ ಚೀಟಿ ಬರೆದುಕೊಟ್ಟದ್ದನ್ನು ಉಜ್ಜನಪ್ಪ ವಿವರಿಸಿದ. ಬೆಳೆಯುವ ವಯಸ್ಸು, ಎಣ್ಣೆ ಸಕ್ಕರೆ ಒಂದಿಷ್ಟು ಕಡಿಮೆ ಮಾಡಿ, ಪ್ರತಿ ಊಟಕ್ಕೂ ಕಾಳು, ಬೇಳೆ, ಮೊಸರು, ಪನೀರು ಏನಾದರೊಂದು ಇಟ್ಟುಕೊಂಡು, ಕಣ್ಣು ತುಂಬ ನಿದ್ದೆ ಮಾಡಿ, ವಾರಕ್ಕೆ ಅರ್ಧ ಕೇಜಿಗಿಂತ ಹೆಚ್ಚು ಇಳಿಯದ ಹಾಗೆ ನಿಧಾನ ಹೋಗಬೇಕು. ಡಬ್ಬದ ಪ್ರೋಟೀನ್ ಪುಡಿಯೂ ಬೇಡ, ಬೇರೆಯವರ ಮನೆಯ ಮೊಟ್ಟೆಯೂ ಬೇಡ, ನಿಮ್ಮ ಅಡಿಗೆಮನೆಯಲ್ಲೇ ಎಲ್ಲ ಇದೆ ಎಂದ.

"ಎರಡು ತಿಂಗಳಲ್ಲಿ ಒಂಬತ್ತು ಕೇಜಿ ಇಳಿದಿದಾನಮ್ಮ. ಬೊಜ್ಜು ಕರಗಿದ್ದು ಸ್ವಲ್ಪ, ಮಾಂಸಖಂಡವೂ ಜೊತೆಗೇ ಹೋಯ್ತು. ಸೌದೆ ಇಲ್ಲ ಅಂತ ಮನೆ ತೊಲೆ ಕಿತ್ತು ಒಲೆಗೆ ಹಾಕಿದ ಹಾಗೆ. ಈ ಸಲ ಸ್ಪರ್ಧೆಗೆ ಇವನ ಹೆಸರು ಕೊಡಲ್ಲ ನಾನು."

ಪ್ರಣವ ಬೆಂಚಿನ ಮೇಲೆ ಕುಸಿದು ಕೂತ. ಇಷ್ಟೆಲ್ಲ ಹಸಿದದ್ದು ಆ ಒಂದು ದಿನಕ್ಕಾಗಿ... ಅದೂ ಕೈಬಿಟ್ಟಿತು.

ಶೇಷಮ್ಮ ಪಕ್ಕದಲ್ಲಿ ಕೂತು ಅವನ ತೋಳು ಸವರಿದರು. ಸಡಿಲವಾಗಿತ್ತು.

"ದೇವರ ಹೆಸರು ಯಾಕೆ ಹೇಳಿದೆಯೋ ಕಂದಾ?"

"ಉಣ್ಣಲ್ಲ ಅಂದ್ರೆ ನೀವು ಬಿಡ್ತಿರಲಿಲ್ಲ. ವ್ರತ ಅಂದ್ರೆ ಬಿಡ್ತೀರ." ಅವನು ನೆಲ ನೋಡುತ್ತಲೇ ಹೇಳಿದ. "ನನ್ನ ಮುಂಜಿ ದಿನ ಜ್ಞಾಪಕ ಇದೆಯಾ ಅಜ್ಜಿ? ಶಲ್ಯ ಸರಿಸಿ ಹೊಟ್ಟೆ ಚಿವುಟಿ, ನಮ್ಮ ಲಡ್ಡು ನೋಡಿ ಅಂದ್ರಿ. ಎಲ್ಲರೂ ನಕ್ಕರು. ಅವತ್ತಿಂದ ಮನೆಯವರಿಗೆಲ್ಲ ನಾನು ಲಡ್ಡುನೇ."

ಶೇಷಮ್ಮನಿಗೆ ಜ್ಞಾಪಕವಿತ್ತು. ಅವರಿಗೆ ಅದು ಮುದ್ದಿನ ಮಾತಾಗಿತ್ತು. ಎಷ್ಟೋ ಸಲ ನೆನೆದು ನಕ್ಕಿದ್ದರು. ಮುಳ್ಳು ಚುಚ್ಚಿದ ಕೈಗೆ ನೋವು ತಿಳಿಯದು, ಚುಚ್ಚಿಸಿಕೊಂಡ ಕಾಲಿಗೇ ತಿಳಿಯುವುದು... ಅವರ ಕಣ್ಣಿಂದ ಹನಿಯೊಂದು ಕಬ್ಬಿಣದ ಮೇಲೆ ಬಿತ್ತು.

"ನೀವೂ ಉಪವಾಸ ಹಿಡಿದ ಮೇಲೆ ನಿಜ ಹೇಳೋಕೆ ಧೈರ್ಯ ಬರಲಿಲ್ಲ ಅಜ್ಜಿ. ನನ್ನ ಸುಳ್ಳಿಗೆ ನೀವು ಹಸಿದಿರಿ."

"ನನ್ನ ಮಾತಿಗೆ ನೀನು ಹಸಿದೆಯಲ್ಲಪ್ಪ."

ಗೋಡೆಯ ಗಡಿಯಾರ ಎಂಟೂಕಾಲು ತೋರಿಸುತ್ತಿತ್ತು. ಮನೆಯಾಚೆ ಒಂದು ಲೋಟ ನೀರನ್ನೂ ಮುಟ್ಟದ ಮಡಿಯ ಹೆಂಗಸು ಶೇಷಮ್ಮ. ಬೆವರಿನ ವಾಸನೆಯ ಆ ಶೆಡ್ಡಿನಲ್ಲಿ ಸೆರಗು ಸುತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟರು.

"ಸತ್ಯಾ, ಎಲೆ ಹಾಕು. ಮೊದಲು ಅವನಿಗೆ ಬಡಿಸು, ಕೋಸಂಬರಿ ಜಾಸ್ತಿ ಹಾಕು. ಆಮೇಲೆ ನೀನು ಹಾಕ್ಕೋ. ಕೊನೆಗೆ ನನಗೆ."

ಸತ್ಯಭಾಮಾ ಡಬ್ಬಿ ಹಿಡಿದು ನಿಂತೇ ಇದ್ದಳು. "ಅತ್ತೆ, ಇಲ್ಲಿ..."

"ನಿನ್ನ ಕೈಯ ತಟ್ಟೆ ತಳ್ಳಿದ ಪಾಪಕ್ಕಿಂತ ಈ ನೆಲ ಮೈಲಿಗೆಯಲ್ಲಮ್ಮ. ಬಡಿಸು, ಹೊತ್ತು ಮೀರುತ್ತೆ."

ಮೂವರೂ ಎಲೆಯ ಮುಂದೆ ಕೂತರು. ಉಜ್ಜನಪ್ಪ ಹುಡುಗರನ್ನೆಲ್ಲ ಹೊರಗೆ ಕಳಿಸಿ ತಾನೂ ಬಾಗಿಲಾಚೆ ನಿಂತ. ಪ್ರಣವ ಮೊದಲ ತುತ್ತಿಗೆ ಅತ್ತ, ಎರಡನೆಯದನ್ನು ನುಂಗಿದ. ಮೂರನೆಯದನ್ನು ಅವನು ತಾನಾಗಿ ಕಲಸಿಕೊಳ್ಳುವುದನ್ನು ನೋಡಿ, ಕೃಷ್ಣಾರ್ಪಣವೆಂದು ಶೇಷಮ್ಮ ತಮ್ಮ ಎಲೆಗೆ ಕೈ ಹಾಕಿದರು.

ವಾಪಸು ಶಿವಮೊಗ್ಗದಲ್ಲಿ ಬಸ್ಸಿನಿಂದ ಇಳಿಯುವಾಗ ಹುಡುಗ ಮುಂದೆ ಹೋಗುತ್ತಿದ್ದ. ಕೈ ಆಸರೆಗೆಂದು ಅವನನ್ನು ಕರೆಯಹೋದ ಶೇಷಮ್ಮನ ಬಾಯಿಗೆ ಹಳೆಯ ಹೆಸರು ಬಂದೇಬಿಟ್ಟಿತ್ತು. ಅದನ್ನು ಅಲ್ಲೇ ನುಂಗಿಕೊಂಡರು.

"ಪ್ರಣವಾ..."

ಅವನು ಸರಕ್ಕನೆ ತಿರುಗಿದ. ಎರಡೂ ಕೈ ಚಾಚಿ, ಅಜ್ಜಿಯನ್ನು ಮೆಲ್ಲಗೆ ಇಳಿಸಿಕೊಂಡ.